ಸೊನ್ನೆ ಬೇರೆ, ಖಾಲಿ ಬೇರೆ

ಡುಲೂತ್, ಏಪ್ರಿಲ್ 12

ಪ್ರೀತಿಯ ರೇನೊ,

ಇದರ ಜೊತೆ ಬಂದಿರುವ ಉದ್ದನೆಯ ಪೆಟ್ಟಿಗೆ ನೋಡಿ ಹೆದರಬೇಡ. ಒಳಗಿರುವುದು ಮಳೆ ಅಳೆಯುವ ಕೊಳವೆ. ಐವತ್ತೈದು ತುಂಬುವ ತಮ್ಮನಿಗೆ ಹುಟ್ಟುಹಬ್ಬಕ್ಕೆ ಏನು ಕಳಿಸಲಿ ಎಂದು ಬಹಳ ಯೋಚಿಸಿದೆ. ಅಂಗಿ ಕಳಿಸಿದರೆ ತೊಡುವುದಿಲ್ಲ, ಪುಸ್ತಕ ಕಳಿಸಿದರೆ ಓದುವುದಿಲ್ಲ, ಫೋನು ಮಾಡಿದರೆ ಎತ್ತುವುದಿಲ್ಲ. ಪತ್ರವನ್ನು ಮಾತ್ರ, ಬೇರೆ ಯಾರದೋ ಇರಬಹುದೆಂಬ ಆಸೆಯಿಂದಲಾದರೂ, ಒಡೆಯುತ್ತೀಯ. ಹಾಗಾಗಿ ಪತ್ರ, ಹಾಗಾಗಿ ಕೊಳವೆ.

ನವೆಂಬರಿನಲ್ಲಿ ಚೇಲೊಳನ್ನು ಮಣ್ಣು ಮಾಡಿ ನಾನು ಊರಿಗೆ ಹೊರಟ ದಿನ ನೀನು ಹಿತ್ತಲ ಬಾಗಿಲಿಗೆ ಅಗುಳಿ ಹಾಕಿದೆ. ಪಕ್ಕದ ಮನೆಯ ಒಫೀಲಿಯಾ ಮೊನ್ನೆ ಫೋನಿನಲ್ಲಿ ಹೇಳಿದಳು: "ಅಗುಳಿ ಹಂಗೇ ಇದೆ ಐಲಿ. ನಿನ್ ತಮ್ಮ ಶಾಲೆ ಬಸ್ಸು ಓಡಿಸ್ತಾನೆ, ಬರ್ತಾನೆ, ಪರದೆ ಎಳ್ಕೋತಾನೆ. ನಮ್ಮನೆ ಕೋಳಿಯಾದ್ರೂ ಇನ್ನೊಂಚೂರು ಹೊರಗಿರುತ್ತೆ."

ಹೆಂಡತಿಯನ್ನು ಕಳೆದುಕೊಂಡವನಿಗೆ ಬುದ್ಧಿ ಹೇಳಲು ನನಗೆ ಬಾಯಿಲ್ಲ. ನನಗೆ ಬರುವುದು ಎರಡೇ: ಹಡಗು ದಾಟಲು ಬಂದರಿನ ಸೇತುವೆ ಎತ್ತುವುದು, ಮಳೆ ಅಳೆಯುವುದು. ಸೇತುವೆಯಿಂದ ನಿವೃತ್ತಿಯಾಯಿತು. ಮಳೆಗೆ ನಿವೃತ್ತಿಯಿಲ್ಲ.

ಕೆಲಸ ಇಷ್ಟೇ. ಮರ ಅಡ್ಡವಿಲ್ಲದ ಕಡೆ ಕೊಳವೆ ನಿಲ್ಲಿಸು. ಬೆಳಗ್ಗೆ ಏಳಕ್ಕೆ ಹಿತ್ತಲಿಗೆ ಹೋಗು. ಮೊದಲು ಆಕಾಶ ನೋಡು, ಆಮೇಲೆ ಕೊಳವೆ ನೋಡು. ಎಷ್ಟು ಇಂಚು ನಿಂತಿದೆಯೋ ಅದನ್ನು ನಮ್ಮ ಸಂಘದ ನಕ್ಷೆಗೆ ಫೋನಿನಿಂದಲೇ ಕಳಿಸಿ, ನೀರು ಚೆಲ್ಲು. ದೇಶದ ತುಂಬ ನಮ್ಮಂಥ ಹುಚ್ಚರು ಸಾವಿರಾರು. ಒಬ್ಬೊಬ್ಬರಿಗೆ ನಕ್ಷೆಯಲ್ಲಿ ಒಂದೊಂದು ಚುಕ್ಕಿ, ಚುಕ್ಕಿಯ ಮೇಲೆ ಆ ದಿನದ ಅಂಕಿ. ಮಳೆ ಬಾರದಿದ್ದರೂ ಸೊನ್ನೆ ಕಳಿಸಲೇಬೇಕು. ಸೊನ್ನೆ ಬೇರೆ, ಖಾಲಿ ಬೇರೆ. ಸೊನ್ನೆ ಎಂದರೆ ನೋಡಿದೆ, ಏನೂ ಇರಲಿಲ್ಲ ಎಂದು. ಖಾಲಿ ಎಂದರೆ ನೋಡಲೇ ಇಲ್ಲ ಎಂದು. ಇವೆರಡರ ನಡುವೆ 'ಕುರುಹು' ಎಂಬುದೊಂದಿದೆ: ಹನಿ ಬಿದ್ದದ್ದನ್ನು ಕಂಡಿದ್ದೀಯ, ಕೊಳವೆಯಲ್ಲಿ ಅಳೆಯುವಷ್ಟಿಲ್ಲ. ಅದನ್ನು ಕೊಳವೆ ಹೇಳುವುದಿಲ್ಲ. ಆ ಹೊತ್ತಿಗೆ ಹೊರಗೆ ನಿಂತಿದ್ದವರೇ ಹೇಳಬೇಕು.

ಹದಿನೇಳು ವರ್ಷದಲ್ಲಿ ನಾನು ಒಂದು ದಿನವೂ ಖಾಲಿ ಬಿಟ್ಟಿಲ್ಲ. ಜ್ವರ ಬಂದಾಗ ಕಂಬಳಿ ಹೊದ್ದು ಹೋಗಿದ್ದೇನೆ. ಎದುರುಮನೆಯ ಮಗು ಕಿರುಚಿಕೊಂಡಿತ್ತು.

ಇವತ್ತಿನ ಆಕಾಶ: ಸುಪೀರಿಯರ್ ಸರೋವರದ ಮೇಲೆ ಹಿಮದ ಹಲಗೆಗಳು ಒಂದಕ್ಕೊಂದು ತಾಗಿ, ಯಾರೋ ಗಾಜಿನ ಲೋಟಗಳನ್ನು ತೊಳೆದಂತೆ ಸದ್ದು. ನೀರು ಎಲ್ಲಿ ಮುಗಿಯಿತು, ಬಾನು ಎಲ್ಲಿ ಶುರುವಾಯಿತು ತಿಳಿಯದು. ಆ ಬೂದಿಯ ನಡುವೆ ಒಂದು ಅದಿರಿನ ಹಡಗು ನೀರಿಗೆ ತಾಗದೆ ಗಾಳಿಯಲ್ಲಿ ತೂಗುತ್ತಿತ್ತು. ಅರವತ್ತೆರಡು ವರ್ಷ ಇದನ್ನೇ ನೋಡಿದ ಕಣ್ಣು, ಆದರೂ ಬಾಯಿ ತೆರೆದು ನಿಂತೆ. ಚಳಿಗೆ ನೊಣವಿಲ್ಲದ್ದು ಒಳ್ಳೆಯದಾಯಿತು.

ಮಳೆ ಬಂದರೆ ಅಳೆ, ಬಾರದಿದ್ದರೆ ಬರೆ;
ಬಾಗಿಲು ತೆರೆದವನಿಗೇ ಆಕಾಶದ ಕರೆ.

ನಿನ್ನ ಅಕ್ಕ,
ಐಲಿ


ಟೂಸಾನ್, ಏಪ್ರಿಲ್ 25

ಅಕ್ಕ,

ಅರಿಜೋನಾದ ಮರುಭೂಮಿಗೆ ಮಳೆ ಅಳೆಯುವ ಕೊಳವೆ. ಮುಂದಿನ ಹುಟ್ಟುಹಬ್ಬಕ್ಕೆ ಹಿಮ ಗೋರುವ ಸಲಿಕೆ ಕಳಿಸು, ಜೋಡಿಯಾಗುತ್ತದೆ.

ಪೆಟ್ಟಿಗೆ ಒಡೆದದ್ದು ನಾನಲ್ಲ, ಒಫೀಲಿಯಾ. "ಇದೇನಿದು, ಇಷ್ಟು ದೊಡ್ಡ ಮೇಣದಬತ್ತಿ ಗಾಜು?" ಎಂದಳು. ಪತ್ರ ಓದಿಸಿಕೊಂಡು, ತಾನೇ ಅಗುಳಿ ತೆಗೆದು, ಹಿತ್ತಲಲ್ಲಿ ಕಂಬ ನೆಟ್ಟು ಕೊಳವೆ ಕೂರಿಸಿದಳು. ಎಲ್ಲಿ ಗೊತ್ತೆ? ಚೇಲೊ ತನ್ನ ಹಸಿರು ತಗಡಿನ ಕುರ್ಚಿ ಹಾಕುತ್ತಿದ್ದ ಜಾಗದ ಪಕ್ಕದಲ್ಲಿ. "ಇಲ್ಲಿ ಮರ ಅಡ್ಡ ಇಲ್ಲ. ನಿಮ್ಮಕ್ಕನ ರೂಲ್ಸು, ನಂದಲ್ಲ" ಎಂದಳು. ಕುರ್ಚಿ ನವೆಂಬರಿನಿಂದ ಶೆಡ್ಡಿನಲ್ಲಿದೆ. ಅದನ್ನು ಮುಟ್ಟಬೇಡ ಎಂದೆ. ಮುಟ್ಟಲಿಲ್ಲ.

ಆರು ದಿನದಿಂದ ಏಳಕ್ಕೆ ಹೋಗುತ್ತಿದ್ದೇನೆ. ಆಕಾಶ ನೀಲಿ. ಕೊಳವೆ ಸೊನ್ನೆ.

ರೇನೊ


ಡುಲೂತ್, ಮೇ 10

ಪ್ರೀತಿಯ ರೇನೊ,

ನೀಲಿ! ಅಷ್ಟು ದೊಡ್ಡ ಆಕಾಶಕ್ಕೆ ಎರಡೇ ಅಕ್ಷರ. ತಂತಿ ಕಳಿಸುವವರೂ ನಿನಗಿಂತ ಧಾರಾಳಿಗಳಾಗಿದ್ದರು. ನೀಲಿಯಲ್ಲಿ ಎಷ್ಟು ಬಗೆ ಎಂದು ನೋಡಿ ಬರೆ.

ನಮ್ಮಲ್ಲಿ ಮೂರು ದಿನದಿಂದ ಮಂಜು. ಜಗಲಿಯಲ್ಲಿ ನಿಂತರೆ ನನ್ನ ಕೈಯ ಕಾಫಿ ಲೋಟವೇ ಊಹೆಯಂತೆ ಕಾಣುತ್ತದೆ. ನಿನ್ನೆ ಬೆಳಗ್ಗೆ ಆ ಬಿಳಿಯೊಳಗಿಂದ ಹಡಗು ಕೂಗಿತು: ಒಂದು ಉದ್ದ, ಎರಡು ಗಿಡ್ಡ. ಸೇತುವೆಯೂ ಅದೇ ಲೆಕ್ಕದಲ್ಲಿ ಕೂಗಿತು. ಹಡಗು ಕಾಣದು, ಸೇತುವೆ ಕಾಣದು. ಊರಿಗೆ ಊರೇ ಇಲ್ಲ, ಎರಡು ದನಿ ಮಾತ್ರ ಒಂದನ್ನೊಂದು ಹುಡುಕುತ್ತಿವೆ. ಮೈ ಜುಮ್ಮೆಂದಿತು. ಇಪ್ಪತ್ತಾರು ವರ್ಷ ಮಂಜಿನ ದಿನಗಳಲ್ಲಿ ನಾನು ಮಾಡಿದ್ದೂ ಇದನ್ನೇ ಅಲ್ಲವೆ? ಇಲ್ಲಿದ್ದೇನೆ, ಇಲ್ಲಿದ್ದೇನೆ ಎಂದು ಕೂಗುವುದು. ಸಂಬಳ ಕೊಟ್ಟರು, ಪಾಪ.

ಮಂಜೊಳಗೆ ಹಡಗಿತ್ತು, ಹಡಗೊಳಗೆ ಮಂದಿ;
ಕೂಗಿಗೆ ಕೂಗು ಕೊಟ್ಟರೆ ಸಿಕ್ಕೀತು ಸಂದಿ.

ಐಲಿ


ಟೂಸಾನ್, ಜೂನ್ 3

ಅಕ್ಕ,

ಶಾಲೆಗೆ ರಜೆ. ಬಸ್ಸು ನಿಂತಿದೆ. ಬೇರೆ ಕೆಲಸವಿಲ್ಲದ ಕಾರಣ ನಿನ್ನ ನೀಲಿಗಳನ್ನು ಎಣಿಸಿದೆ.

ಏಳು ಗಂಟೆಯದು ಈಗ ತಾನೆ ತೊಳೆದಿಟ್ಟ ತಟ್ಟೆಯ ನೀಲಿ. ಹತ್ತರ ಹೊತ್ತಿಗೆ ಅದು ಮಾಸುತ್ತದೆ. ಮಧ್ಯಾಹ್ನ ನೀಲಿಯೇ ಇರುವುದಿಲ್ಲ. ನೂರೆಂಟು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲಿ ಬಾನು ಬಿಳಿಚಿಕೊಂಡು ನಿಲ್ಲುತ್ತದೆ, ಹಕ್ಕಿಯೂ ಆ ಕಡೆ ಹೋಗದು. ಸಂಜೆಯದ್ದು ಹೇಳಬೇಕು. ಸೂರ್ಯ ಪಶ್ಚಿಮದಲ್ಲಿ ಇಳಿದ ಮೇಲೆ ಪೂರ್ವದ ಬೆಟ್ಟ ಹತ್ತು ನಿಮಿಷ ಗುಲಾಬಿಯಾಗುತ್ತದೆ. ಆಗ ಬೆಟ್ಟದ ಹಿಂದಿನಿಂದ ಒಂದು ಕಡುನೀಲಿ ಪಟ್ಟಿ ಮೆಲ್ಲಗೆ ಏಳುತ್ತದೆ. ಅದು ಕತ್ತಲಲ್ಲ, ಮೋಡವೂ ಅಲ್ಲ. ಭೂಮಿಯದೇ ನೆರಳು, ಬಾನಿನ ಮೇಲೆ ಬಿದ್ದದ್ದು. ಅಷ್ಟು ದೊಡ್ಡ ನೆರಳಿನಲ್ಲಿ ನಾನೂ ಎಲ್ಲೋ ಒಂದು ಕಡೆ ಇದ್ದೇನೆ ಎಂದುಕೊಂಡು, ಕೈ ಎತ್ತಿ ಆಡಿಸಿದೆ. ಒಫೀಲಿಯಾ ಬೇಲಿಯಾಚೆಯಿಂದ ತಾನೂ ಕೈ ಆಡಿಸಿದಳು. ನಿನಗಲ್ಲ ಎನ್ನಲಿಲ್ಲ.

ಇದನ್ನು ನನಗೆ ತೋರಿಸಿಕೊಟ್ಟವಳು ಚೇಲೊ. ಜೂನ್ 24, ಸಂತ ಯೋಹಾನನ ಹಬ್ಬ, ಇಲ್ಲಿಯವರ ಲೆಕ್ಕದಲ್ಲಿ ಮಳೆಗಾಲದ ಮೊದಲ ದಿನ, ಅವಳ ದಿನ. ಅಂದು ಹಿತ್ತಲ ನಡುವೆ ಆ ಹಸಿರು ಕುರ್ಚಿಯನ್ನು ತಂದಿಡುತ್ತಿದ್ದಳು. ಮಳೆಗೆ ಕುರ್ಚಿ ಹಾಕುವುದು ಎಂದು ಅದಕ್ಕೆ ಹೆಸರು, ಅವಳ ತಾಯಿಯ ಪದ್ಧತಿ. ಹತ್ತು ದಿನಕ್ಕೋ ಹದಿನೈದಕ್ಕೋ ಮೊದಲ ಮಳೆ ಬಂದಾಗ ಅದರಲ್ಲಿ ಕೂತು ಪೂರ್ತಿ ನೆನೆಯುತ್ತಿದ್ದಳು. ನಾನು ಬಾಗಿಲಲ್ಲಿ ಟವೆಲ್ ಹಿಡಿದು ನಿಲ್ಲುತ್ತಿದ್ದೆ.

ಒಫೀಲಿಯಾ ಇನ್ನು ಎರಡು ತಿಂಗಳು ಮಗಳ ಮನೆಗೆ. ಸೊನ್ನೆ.

ರೇನೊ


ಡುಲೂತ್, ಜೂನ್ 17

ಪ್ರೀತಿಯ ರೇನೊ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಭೂಮಿಗೆ ನೆರಳಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಈಗ ದಿನವೂ ಸಂಜೆ ಸರೋವರದ ಮೇಲೆ ಅದನ್ನು ಹುಡುಕುತ್ತಿದ್ದೇನೆ, ನಿನ್ನೆ ಕಂಡೆ. ನಮ್ಮಿಬ್ಬರ ಮೇಲೂ ಒಂದೇ ನೆರಳು, ಗೊತ್ತಾಯಿತೆ?

24ಕ್ಕೆ ನೀನೇ ಕುರ್ಚಿ ಹಾಕು. ಅವಳ ಪದ್ಧತಿ ನಿಲ್ಲಬಾರದು. ಹಾಕಿದೆ ಎಂದು ನನಗೆ ಬರೆ.

ಹಗಲು ಉದ್ದ, ಇರುಳು ಗಿಡ್ಡ, ನಡುವೆ ನನ್ನ ನಿದ್ದೆ;
ಬೆಳಕು ಬಂದು ಕೆನ್ನೆ ತಟ್ಟಿತು, ಬೈದುಕೊಂಡೇ ಎದ್ದೆ.

ಐಲಿ


ಟೂಸಾನ್, ಜೂನ್ 28

ಅಕ್ಕ,

ಹಾಕಿದೆ. ಆಕಾಶ ನೀಲಿ. ಸೊನ್ನೆ.

ರೇನೊ


ಡುಲೂತ್, ಜುಲೈ 7

ಪ್ರೀತಿಯ ರೇನೊ,

ಪೆನ್ನು ಕೈಗೆ ಸಿಗಲಿಲ್ಲ, ಪೆನ್ಸಿಲಿನಲ್ಲಿ ಬರೆದಿದ್ದೇನೆ. ಕುರ್ಚಿ ಹಾಕಿದ್ದು ಕೇಳಿ ಸಮಾಧಾನವಾಯಿತು.

ನಿನ್ನೆ ಸೂರ್ಯ ಮುಳುಗಿದ್ದನ್ನು ನೀನು ನೋಡಬೇಕಿತ್ತು. ಒಂಬತ್ತು ಗಂಟೆಗೆ ಮರಗಳ ತುದಿಗೆ ಬಂದು ಸಿಕ್ಕಿಕೊಂಡ. ಎಲ್ಲಿ ಇಳಿಯಬೇಕೆಂದು ತಿಳಿಯದವನಂತೆ ಒಂದು ಗಳಿಗೆ ನಿಂತ. ಆಮೇಲೆ ಬಾನೆಲ್ಲ ಕಿತ್ತಳೆ, ತಾಮ್ರ, ಕೊನೆಗೆ ಹೆಸರಿಲ್ಲದ ಒಂದು ಬಣ್ಣ. ಕೋಣೆಯ ಗೋಡೆ ಕೆಂಪಾಯಿತು, ಹೊದಿಕೆ ಕೆಂಪಾಯಿತು, ನನ್ನ ಎರಡೂ ಕೈ ಕೆಂಪಾದವು. ಇಷ್ಟು ವರ್ಷ ದಿನದ ಈ ತುದಿಯನ್ನು ನೋಡದೆ ಹೇಗಿದ್ದೆ ಅನ್ನಿಸಿತು.

ಇಲ್ಲಿ ಎಲ್ಲ ಕ್ಷೇಮ. ನಿನ್ನ ಮಳೆ ಬಂತೆ?

ಐಲಿ


ಟೂಸಾನ್, ಜುಲೈ 13

ಅಕ್ಕ,

ಈ ಸಲ ಪ್ರಾಸ ಬರಲಿಲ್ಲ. ದೇವರು ದೊಡ್ಡವನು.

ಮಳೆ ಇಲ್ಲ. ನೀಲಿ. ಸೊನ್ನೆ.

ರೇನೊ


ಡುಲೂತ್, ಜುಲೈ 19

ರೇನೊ,

ನಕ್ಷೆಯನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಜುಲೈ 6ರ ಬೆಳಗ್ಗೆ ನಿನ್ನ ಚುಕ್ಕಿಯ ಎಡಕ್ಕೆ 0.87. ಬಲಕ್ಕೆ 1.02. ಎರಡು ಬೀದಿ ಆಚೆ 0.94. ನಡುವೆ ನೀನು, 0.00. ಮಳೆ ನಿನ್ನ ಗೇಟಿನ ತನಕ ಬಂದು, ಮನೆಯಲ್ಲಿ ಯಾರೂ ಇಲ್ಲವೆಂದು ವಾಪಸು ಹೋಯಿತೆ?

ನಿಮ್ಮೂರಿನ ಮಳೆ ಬೀದಿಯ ಈ ಬದಿಗೆ ಸುರಿದು ಆ ಬದಿಯನ್ನು ಒಣ ಬಿಡುತ್ತದೆಂದು ನನಗೆ ಗೊತ್ತು. ಒಂದು ದಿನವಾಗಿದ್ದರೆ ನಂಬುತ್ತಿದ್ದೆ. ಹದಿಮೂರು ದಿನದಲ್ಲಿ ಐದು ಮಳೆ, ಐದಕ್ಕೂ ನಿನ್ನದು ಸೊನ್ನೆ.

ಖಾಲಿ ಬಿಟ್ಟಿದ್ದರೆ ಒಂದು ಮಾತೂ ಆಡುತ್ತಿರಲಿಲ್ಲ. ನೋಡಲಾಗಲಿಲ್ಲ ಎನ್ನುವುದು ನಾಚಿಕೆಯ ವಿಷಯವಲ್ಲ. ನೋಡದೆ ಸೊನ್ನೆ ಬರೆಯುವುದನ್ನು ನಮ್ಮ ಸಂಘದಲ್ಲಿ ಕಳ್ಳರೂ ಮಾಡುವುದಿಲ್ಲ. ದಿನವೂ ನಿನ್ನ ಸೊನ್ನೆ ನೋಡಿ, ತಮ್ಮ ಇವತ್ತೂ ಬಾಗಿಲಾಚೆ ಬಂದ, ಕತ್ತೆತ್ತಿದ ಎಂದುಕೊಂಡು ನಾನಿಲ್ಲಿ ಕಣ್ಣು ಮುಚ್ಚುತ್ತಿದ್ದೆ. ನನಗೆ ಬೇಕಾಗಿದ್ದದ್ದು ಮಳೆಯ ಲೆಕ್ಕ ಅಂದುಕೊಂಡೆಯಾ?

ಅಗುಳಿ ಮತ್ತೆ ಯಾವಾಗ ಹಾಕಿದೆ?

ಐಲಿ


ಟೂಸಾನ್, ಜುಲೈ 26

ಅಕ್ಕ,

ಜೂನ್ 24ರಂದು. ಬೆಳಗ್ಗೆ ಏಳಕ್ಕೆ ಕೊಳವೆ ನೋಡಿದೆ, ಕುರ್ಚಿ ತರಲು ಶೆಡ್ಡಿಗೆ ಹೋದೆ. ಅದರ ಕೈ ಹಿಡಿದೆ. ಅದು ತಣ್ಣಗಿತ್ತು. ಬಿಟ್ಟು ಬಂದು ಅಗುಳಿ ಹಾಕಿದೆ. ನಿನಗೆ ಹಾಕಿದೆ ಎಂದು ಬರೆದದ್ದು ಅಗುಳಿಯನ್ನು ಎಂದು ಸಮರ್ಥಿಸಿಕೊಳ್ಳಬಹುದಿತ್ತು, ಆದರೆ ಸುಳ್ಳು ಸುಳ್ಳೇ.

ಮೊದಲ ಮಳೆಯಲ್ಲಿ ನೆನೆಯುತ್ತಿದ್ದ ಚೇಲೊಳನ್ನು ನಾನು ಒಳಗೆ ಬಾ ಎಂದು ಕರೆದರೆ ಹೇಳುತ್ತಿದ್ದಳು: "ಸುಮ್ನಿರೋ ಮಾರಾಯ. ವರ್ಷ ಆದ್ಮೇಲೆ ಮನೆಗೆ ಬಂದಿದೆ ಮಳೆ, ಎದ್ದು ಹೋದ್ರೆ ಏನಂದ್ಕೊಳುತ್ತೆ?" ಜುಲೈ ಐದರ ಮಧ್ಯಾಹ್ನ ಅದು ಬಂತು. ಸೂರಿನ ಮೇಲೆ ಸದ್ದಾಯಿತು. ಬಾಗಿಲ ಸಂದಿಯಿಂದ ಒದ್ದೆ ಪೊದೆಗಳ ವಾಸನೆ ಒಳಗೆ ನುಗ್ಗಿತು. ಟಿವಿ ಜೋರು ಮಾಡಿದೆ. ನಾನು ಅಂಕಿ ಬರೆದರೆ ಮಳೆ ಅವಳಿಲ್ಲದೆ ಬಂದುಹೋದಂತೆ. ಸೊನ್ನೆ ಬರೆದರೆ ಇನ್ನೂ ಬಂದಿಲ್ಲ. ಹಾಗಾಗಿ ಸೊನ್ನೆ ಬರೆದೆ.

ಈಗ ನಿನ್ನ ಸರದಿ. ನಕ್ಷೆ ನೋಡಲು ನನಗೂ ಬರುತ್ತದೆ. ನಿನ್ನ ಬೈಗುಳ ಓದಿ ಸಿಟ್ಟು ಬಂದು, ದೊಡ್ಡವರ ಚುಕ್ಕಿ ಹೇಗಿದೆಯೋ ನೋಡೋಣವೆಂದು ಹುಡುಕಿದೆ. ಚುಕ್ಕಿಯೇ ಇಲ್ಲ. ಜುಲೈ ಒಂದರಿಂದ ಖಾಲಿ. ಜ್ವರದಲ್ಲಿ ಕಂಬಳಿ ಹೊದ್ದು ಹೋದವಳು ನೀನು!

ಆಮೇಲೆ ಏಳನೇ ತಾರೀಖಿನ ಪತ್ರ ಮತ್ತೆ ತೆಗೆದೆ. ಸೂರ್ಯ ಮುಳುಗಿದ್ದು! ಡುಲೂತಿನ ನಮ್ಮ ಮನೆಯಿಂದ ಅದನ್ನು ಕಂಡವರು ಯಾರು? ಸೂರ್ಯ ಹುಟ್ಟುವುದು ಸರೋವರದಲ್ಲಿ, ಸಂಜೆಯಾಗುವ ಮೊದಲೇ ಹಿಂದಿನ ಗುಡ್ಡ ಅವನನ್ನು ನುಂಗುತ್ತದೆ. ಅಪ್ಪ ಹೇಳುತ್ತಿದ್ದ ಮಾತು ಮರೆತೆಯಾ? "ನಾವು ಕೊಂಡಿರೋದು ಅರ್ಧ ದಿನದ ಮನೆ ಕಣ್ರೋ. ಮಿಕ್ಕರ್ಧ ಗುಡ್ಡದ ಆ ಕಡೆಯೋರಿಗೆ."

ಪ್ರಾಸವಿಲ್ಲ, ಪೆನ್ನಿಲ್ಲ, ಚುಕ್ಕಿಯಿಲ್ಲ. ಇಷ್ಟಿದ್ದೂ ನನಗೆ ಹೊಳೆಯಲಿಲ್ಲ. ಪರದೆ ಎಳೆದುಕೊಂಡವನಿಗೆ ಹಾಗೇ ಆಗುತ್ತದೆ.

ಯಾವ ಕಿಟಕಿಯಲ್ಲಿದ್ದೀಯ ಅಕ್ಕ?

ರೇನೊ


ಡುಲೂತ್, ಆಗಸ್ಟ್ 1

ಪ್ರೀತಿಯ ರೇನೊ,

ಗುಡ್ಡದ ಆ ಕಡೆಯವರ ಕಿಟಕಿಯಲ್ಲಿ. ಮೂಳೆ ಮುರಿದವರಿಗೆ ನಡೆಯಲು ಕಲಿಸುವ ಜಾಗ ಇದು, ಪಶ್ಚಿಮಕ್ಕೆ ತೆರೆದ ಕೋಣೆ.

ಜುಲೈ ಒಂದರ ಬೆಳಗ್ಗೆ ಏಳಕ್ಕೆ, ಕೊಳವೆಗೆ ಹೋಗುವ ಮೂರು ಮೆಟ್ಟಿಲು ಮಂಜಿಗೆ ಒದ್ದೆಯಾಗಿದ್ದವು. ಸೊಂಟ. ಬಿದ್ದ ಜಾಗದಿಂದ ಕೊಳವೆ ಕಾಣುತ್ತಿತ್ತು, ಅಂಕಿ ಕಾಣುತ್ತಿರಲಿಲ್ಲ. ಆಂಬುಲೆನ್ಸ್ ಹುಡುಗಿಯನ್ನು ಕೇಳಿದೆ, "ಅದ್ರಲ್ಲಿ ಎಷ್ಟಿದೆ ನೋಡಮ್ಮ." ಅವಳು, "ಮೊದ್ಲು ನಿಮ್ ಬೀಪಿ ಎಷ್ಟಿದೆ ನೋಡ್ತೀನಿ ಇರಿ" ಎಂದಳು. ಹದಿನೇಳು ವರ್ಷ ಅಲ್ಲಿಗೆ ಮುಗಿಯಿತು. ನಿನ್ನ ಪತ್ರಗಳನ್ನು ಇಲ್ಲಿಗೆ ತಂದುಕೊಡುವ ಎದುರುಮನೆಯವರು ಕೊಳವೆಯನ್ನೂ ದಿನವೂ ಓದಿ ಹೇಳುತ್ತೇವೆ ಎಂದರು. ಬೇಡವೆಂದೆ. ನಾನು ನೋಡದ್ದು ನನ್ನ ಚುಕ್ಕಿಯ ಮೇಲೆ ಬೇಡ.

ನಿನಗೆ ಹೇಳಿದ್ದರೆ, ಕೊಳವೆ ನೋಡಲು ಹೋದವಳ ಗತಿ ನೋಡು ಎಂದು ನೀನು ಮತ್ತೆ ಅಗುಳಿ ಹಾಕುತ್ತೀಯೆಂದು ಹೆದರಿದೆ. ನೀನು ಅದಾಗಲೇ ಹಾಕಿಯಾಗಿತ್ತು. ನಕ್ಷೆಗೆ ನಿಜ ಹೇಳಿದೆ, ತಮ್ಮನಿಗೆ ಸುಳ್ಳು ಹೇಳಿದೆ. ಕುರ್ಚಿ ಹಾಕು ಎಂದು ಅಪ್ಪಣೆ ಕೊಟ್ಟೆನಲ್ಲ, ಅದು ಇನ್ನೂ ದೊಡ್ಡ ತಪ್ಪು. ಅದು ಹೇಳಿ ಮಾಡಿಸುವ ಕೆಲಸವಲ್ಲ.

ಒಂದು ವಿಷಯ ಮಾತ್ರ ಕೇಳು. ಜೂನ್ 24ರಿಂದ ನೀನು ಕೊಳವೆಯನ್ನು ಮುಟ್ಟಿಲ್ಲ, ಚೆಲ್ಲಿಲ್ಲ. ಹಾಗಾದರೆ ಅಷ್ಟೂ ಮಳೆ ಅದರೊಳಗೇ ಇದೆ, ರೇನೊ. ಮೊದಲನೆಯದೂ ಇದೆ. ನೋಡಲಾಗದೆ ಹೋದವರಿಗೆ ನಮ್ಮಲ್ಲಿ ಒಂದು ದಾರಿಯುಂಟು: ಸುಳ್ಳು ಸೊನ್ನೆಗಳನ್ನು ಅಳಿಸಿ, ಇಷ್ಟು ದಿನದ್ದು ಸೇರಿ ಇಷ್ಟು ಎಂದು ಒಟ್ಟಿಗೆ ಬರೆಯಬಹುದು. ತಡವಾಯಿತೆಂದು ಯಾರೂ ಕೇಳುವುದಿಲ್ಲ.

ನನಗೆ ಇನ್ನು ಆರು ವಾರ ಇಲ್ಲೇ. ಒಂದು ಸಾಲು ಬಂದಿದೆ, ಎರಡನೆಯದಕ್ಕೆ ಸೊಂಟ ಒಪ್ಪುತ್ತಿಲ್ಲ:

ಕಿಟಕಿಯಷ್ಟೇ ಆಕಾಶವೀಗ ನನ್ನ ಪಾಲಿಗೆ,

ಐಲಿ


ಟೂಸಾನ್, ಆಗಸ್ಟ್ 7

ಅಕ್ಕ,

ನಿನ್ನ ಪತ್ರ ನಿನ್ನೆ ಬಂತು. ಹೊರಟು ಬರಲೇ ಎಂದರೆ, ಕೊಳವೆ ಯಾರು ನೋಡುತ್ತಾರೆ ಎನ್ನುತ್ತೀಯ. ಆದ್ದರಿಂದ ಮೊದಲು ಕೊಳವೆ.

ಬೆಳಗ್ಗೆ ಏಳಕ್ಕೆ ಅಗುಳಿ ತೆಗೆದೆ. ಹಿತ್ತಲು ಗುರುತೇ ಸಿಗಲಿಲ್ಲ. ನಾನು ನೋಡದ ಮಳೆಗೆ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಕೊಳವೆಯೊಳಗಿನ ಸಣ್ಣ ಕೊಳವೆ ತುಂಬಿ, ಹೊರಗಿನದಕ್ಕೆ ಚೆಲ್ಲಿ, ಅಲ್ಲೂ ನೀರು ನಿಂತಿತ್ತು. ಮೇಲೆ ಒಂದು ಪತಂಗ. ಸುರಿದು ಸುರಿದು ಅಳೆದೆ. ಬಿಸಿಲು ಕುಡಿದದ್ದು ಎಷ್ಟೋ, ಉಳಿದದ್ದು 2.31 ಇಂಚು. ಟಿವಿ ಜೋರು ಮಾಡಿ ನಾನು ಅಟ್ಟಿದ ಮಳೆ ಎಲ್ಲಿಗೂ ಹೋಗಿರಲಿಲ್ಲ. ನಾನು ಹೊರಗೆ ಬರುವ ತನಕ ನಿಂತು ಕಾದಿತ್ತು. ನಾನು ಅಲ್ಲೇ ಹುಲ್ಲಿನಲ್ಲಿ ಕೂತುಬಿಟ್ಟೆ.

ಸೊನ್ನೆಗಳನ್ನು ಅಳಿಸಿದೆ. ನಲವತ್ತನಾಲ್ಕು ದಿನದ್ದು ಸೇರಿ 2.31 ಎಂದು ಕಳಿಸಿದೆ.

ಅಳೆದ ಮೇಲೆ ಚೆಲ್ಲಬೇಕು ಎಂಬುದು ನಿನ್ನ ನಿಯಮ. ಎಲ್ಲಿಗೆ ಎಂದು ನೀನು ಹೇಳಿಲ್ಲ. ಶೆಡ್ಡಿನಿಂದ ಕುರ್ಚಿ ತಂದೆ. ಒಂಬತ್ತು ತಿಂಗಳ ಧೂಳಿತ್ತು. ಆ ನೀರಿನಲ್ಲಿ ಅದನ್ನು ತೊಳೆದೆ.

ಸಂಜೆ ಅದರಲ್ಲಿ ಕೂತೆ. ದಕ್ಷಿಣದಿಂದ ಒಂದು ಮೋಡ ಬಂತು. ಮೋಡ ಎಂದರೆ ಸಾಲದು. ಒಂದು ಪಟ್ಟಣವೇ ಎದ್ದು ಬಂದಂತೆ, ಮಹಡಿಯ ಮೇಲೆ ಮಹಡಿ, ಒಳಗೆ ಯಾರೋ ದೀಪ ಹಚ್ಚಿ ಆರಿಸುತ್ತಿದ್ದಂತೆ ಮಿಂಚು. ಅದರ ಅಡಿಯಿಂದ ಮಳೆ ಇಳಿಯಿತು. ಬೆಳ್ಳಿ ಎಳೆಗಳು, ಸಾವಿರಾರು, ಮುಳುಗುವ ಸೂರ್ಯನಿಗೆ ಕೆಂಪಾಗಿ ನನ್ನ ಕಡೆಗೇ ಇಳಿದವು. ಅರ್ಧ ದಾರಿಯಲ್ಲಿ ಆ ಎಳೆಗಳು ಗಾಳಿಯಲ್ಲೇ ಕರಗಿದವು. ಕಣ್ಣೆದುರು ಇಡೀ ಆಕಾಶ ಸುರಿಯುತ್ತಿದೆ, ನೆಲ ಒಣಗಿದೆ.

ಮಗಳ ಮನೆಯಿಂದ ಬಂದಿಳಿದ ಒಫೀಲಿಯಾ ಬೇಲಿಯ ಮೇಲೆ ಇಣುಕಿದಳು. "ಏನಯ್ಯಾ, ಆಕಾಶ ಕೆಳಕ್ ಬೀಳುತ್ತೆ ಅಂತ ಕಾವಲು ಕೂತಿದ್ಯಾ?"

"ಮಳೆಗೆ ಕುರ್ಚಿ ಹಾಕಿದೀನಿ."

"ಹಬ್ಬ ಮುಗ್ದು ಒಂದೂವರೆ ತಿಂಗಳಾಯ್ತಲ್ಲೋ!"

"ಮಳೆ ಏನು ಕ್ಯಾಲೆಂಡರ್ ನೋಡ್ಕೊಂಡ್ ಬರುತ್ತಾ?"

ಅವಳು ಕುರ್ಚಿ ನೋಡಿದಳು. ಬೇಲಿಯ ಮೇಲೆ ಗಲ್ಲ ಊರಿಕೊಂಡು, ತಾನೂ ಮೋಡ ನೋಡುತ್ತ ಅಲ್ಲೇ ನಿಂತಳು.

ನಿನ್ನ ಎರಡನೇ ಸಾಲು ಕೂತಲ್ಲೇ ಬಂತು:

ಕಿಟಕಿಯಷ್ಟೇ ಆಕಾಶವೀಗ ನನ್ನ ಪಾಲಿಗೆ;
ಉಳಿದುದನ್ನು ಕಟ್ಟುತ್ತೇನೆ ಅಂಚೆಯವಳ ಕಾಲಿಗೆ.

ಅಂಚೆಯವಳು ದೂರು ಕೊಟ್ಟರೆ ಉತ್ತರ ಹೇಳುವವಳು ನೀನು.

ಆಗಸ್ಟ್ 8, ಬೆಳಗ್ಗೆ ಏಳು: ಲಕೋಟೆ ಅಂಟಿಸುವ ಮೊದಲು ಇಷ್ಟು. ಈಗ ತಾನೆ ಹೋಗಿ ಬಂದೆ. ಕೊಳವೆ ಒಣಗಿದೆ, ತಳದಲ್ಲಿ ತೇವವೂ ಇಲ್ಲ. ಯಾರು ನೋಡಿದರೂ ಸೊನ್ನೆ ಎನ್ನುತ್ತಾರೆ. ಆದರೆ ನಿನ್ನೆ ಮೋಡ ನೆತ್ತಿ ದಾಟಿ ಹೋಗುವಾಗ ಒಂದೇ ಒಂದು ಹನಿ ಕೆಳಗೆ ಬಂತು ಅಕ್ಕ, ಬೆಚ್ಚಗೆ, ನನ್ನ ಮುಂಗೈ ಮೇಲೆ. ನಾನು ಅಲ್ಲಿದ್ದೆ.

ಕುರುಹು ಎಂದು ಬರೆದು ಕಳಿಸಿದ್ದೇನೆ.

ರೇನೊ